ಚಮಚ ಎಳೆಯುವ ಆಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಇಸ್ಪೀಟಿನ ಚಮಚ ಆಟದ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ನಿಯಮದ ಪ್ರಶ್ನೆಗಳಂತೆ ಕಂಡರೂ ಒಳಗೆ ಜಗಳದ ಪ್ರಶ್ನೆಗಳೇ. ಯಾರು ಮೊದಲು ಮುಟ್ಟಿದರು, ಯಾರು ಎಲೆ ಒತ್ತಿಟ್ಟುಕೊಂಡರು, ಯಾರು ಸುಮ್ಮನೆ ಹೆದರಿಸಿದರು ಅನ್ನುವುದೇ ತಕರಾರು. ಆಟ ಶುರುವಾಗುವ ಮೊದಲೇ ಎರಡು ಮಾತು ಖಚಿತ ಮಾಡಿಕೊಂಡರೆ ಇವುಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲ. ಕೈಯಲ್ಲಿ ಒಂದು ಹೊತ್ತಿಗೆ ಎಷ್ಟು ಎಲೆ ಇರಬಹುದು ಎಂಬುದು ಮೊದಲನೆಯದು. ಚಮಚವನ್ನು ‘ಮುಟ್ಟುವುದು’ ಎಂದರೆ ಏನು ಎಂಬುದು ಎರಡನೆಯದು.

ಪ್ರಶ್ನೆ: ಈ ಆಟ ಕೇಳಿದ್ದೇವೆ, ಆಡಿಲ್ಲ. ಮೊದಲಿನಿಂದ ಹೇಳಿ. ನಾವು ಆರು ಜನ ಇದ್ದೇವೆ.

52 ಎಲೆಗಳ ಒಂದು ಕಟ್ಟು ಸಾಕು. ಜೋಕರ್ ತೆಗೆದಿಡಿ. ಆಟಗಾರರಿಗಿಂತ ಒಂದು ಕಡಿಮೆ ಚಮಚ ಬೇಕು, ಅಂದರೆ ಆರು ಜನರಿಗೆ ಐದು. ಅವನ್ನು ಎಲ್ಲರ ಕೈಗೂ ಸಮನಾಗಿ ಎಟಕುವಂತೆ ನಡುವೆ ಸುತ್ತಾಗಿ ಇಡಿ.

ಹಂಚುವವರು ಎಲ್ಲರಿಗೂ ನಾಲ್ಕು ನಾಲ್ಕು ಎಲೆ ಕೊಡುತ್ತಾರೆ. ಆರು ಜನರಿಗೆ 24 ಹೋಗಿ 28 ಉಳಿಯುತ್ತವೆ. ಆ ಉಳಿದ ಕಟ್ಟು ಮುಖ ಕೆಳಗಾಗಿ ಹಂಚುವವರ ಬಲಗಡೆ ಇರಲಿ. ಅವರು ಅದರಿಂದ ಮೇಲಿನ ಎಲೆ ಎತ್ತುತ್ತಾರೆ, ಐದರಲ್ಲಿ ತಮಗೆ ಬೇಡದ ಒಂದನ್ನು ಮುಖ ಕೆಳಗಾಗಿ ಎಡಗಡೆಯವರ ಮುಂದೆ ಇಡುತ್ತಾರೆ. ಎಡಗಡೆಯವರು ಅದನ್ನು ಎತ್ತಿ, ತಮಗೆ ಬೇಡದ್ದನ್ನು ಇನ್ನೂ ಎಡಕ್ಕೆ ಸಾಗಿಸುತ್ತಾರೆ. ಒಬ್ಬರು ಮುಗಿಸಲಿ ಎಂದು ಉಳಿದವರು ಕಾಯುವುದಿಲ್ಲ. ಹಂಚುವವರು ಎತ್ತುತ್ತಲೇ ಇರುತ್ತಾರೆ, ಎಲೆಗಳು ಒಂದರ ಹಿಂದೆ ಒಂದು ಸಾಲಾಗಿ ಓಡುತ್ತಲೇ ಇರುತ್ತವೆ. ಕೊನೆಯವರು ತಮಗೆ ಬೇಡದ್ದನ್ನು ಪಕ್ಕದಲ್ಲಿ ರಾಶಿ ಹಾಕುತ್ತಾರೆ. ಕಟ್ಟು ಮುಗಿದಾಗ ಹಂಚುವವರು ಆ ರಾಶಿಯನ್ನೇ ಎಳೆದುಕೊಂಡು ಮುಂದುವರಿಸುತ್ತಾರೆ. ಸಾಲಿನ ಕೊನೆಯವರು ಹಂಚುವವರ ಬಲಕ್ಕೇ ಕೂತಿರುವುದರಿಂದ ರಾಶಿ ಕೈಗೆ ಹತ್ತಿರದಲ್ಲೇ ಇರುತ್ತದೆ.

ಒಂದೇ ಬೆಲೆಯ ನಾಲ್ಕು ಎಲೆ, ಅಂದರೆ ನಾಲ್ಕು ಏಳು ಅಥವಾ ನಾಲ್ಕು ಗುಲಾಮ, ಸೇರಿದ ಕೂಡಲೇ ಚಮಚ ಎತ್ತಬಹುದು. ಒಬ್ಬರು ಎತ್ತಿದ ಮೇಲೆ ಉಳಿದವರಿಗೆ ನಾಲ್ಕು ಸೇರಿರಬೇಕೆಂದಿಲ್ಲ, ಸಿಕ್ಕಿದ ಚಮಚ ಎಳೆದುಕೊಳ್ಳಬೇಕು ಅಷ್ಟೆ. ಬರಿಗೈಯಲ್ಲಿ ಉಳಿದವರಿಗೆ ಒಂದು ಅಕ್ಷರ. ಮೊದಲು ಎತ್ತಿದವರು ತಮ್ಮ ನಾಲ್ಕು ಎಲೆ ತೋರಿಸಬೇಕು.

ಅಕ್ಷರಕ್ಕೆ ಯಾವ ಪದ ಬೇಕಾದರೂ ಆಗುತ್ತದೆ, ಪದ ಎಷ್ಟು ಉದ್ದವೋ ಆಟ ಅಷ್ಟು ಉದ್ದ. ‘ಚಮಚ’ ಎಂದಿಟ್ಟುಕೊಂಡರೆ ಮೂರು ಸಲ ಸೋತವರು ಔಟ್. ಆರು ಜನರಲ್ಲಿ ಒಬ್ಬರೇ ಉಳಿಯಲು 15ರಿಂದ 17 ಸುತ್ತು ಬೇಕು. ‘ಗಡಿಬಿಡಿ’ ಎಂದಾದರೆ 20ರಿಂದ 23 ಸುತ್ತು. ಒಬ್ಬರು ಔಟಾದಾಗಲೆಲ್ಲ ಒಂದು ಚಮಚವನ್ನೂ ತೆಗೆಯಿರಿ. ಇದನ್ನು ಮರೆತ ಸುತ್ತಿನಲ್ಲಿ ಎಲ್ಲರಿಗೂ ಚಮಚ ಸಿಕ್ಕಿಬಿಟ್ಟು ಎಲ್ಲರೂ ಮುಖ ಮುಖ ನೋಡುವುದು ಮಾಮೂಲು.

ಪ್ರಶ್ನೆ: ಒಬ್ಬರ ಮುಂದೆ ಏಳೆಂಟು ಎಲೆ ಗುಡ್ಡೆ ಬಿದ್ದು ಆಟವೇ ನಿಂತುಹೋಗುತ್ತದೆ. ನಿಧಾನ ಆಡುವವರನ್ನು ಏನು ಮಾಡುವುದು?

ನಿಧಾನಕ್ಕೆ ಕಾರಣ ಸಾಮಾನ್ಯವಾಗಿ ಕೈ, ತಲೆಯಲ್ಲ. ಬಂದ ಎಲೆಯನ್ನು ಎತ್ತಿ, ಕೈಯಲ್ಲಿರುವ ನಾಲ್ಕರ ನಡುವೆ ತೂರಿಸಿ, ಜೋಡಿಸಿ, ಆಮೇಲೆ ಯಾವುದು ಬೇಡ ಎಂದು ಯೋಚಿಸುವವರು ಹಿಂದೆ ಬೀಳುತ್ತಾರೆ. ಹೀಗೆ ಮಾಡಿ: ನಾಲ್ಕು ಎಲೆಗಳನ್ನು ಎಡಗೈಯಲ್ಲಿ ಬೀಸಣಿಗೆಯಂತೆ ಬಿಚ್ಚಿ ಹಿಡಿಯಿರಿ, ನಾಲ್ಕರ ಮೂಲೆಯ ಅಂಕಿಯೂ ಕಾಣಬೇಕು. ಬಲಗೈಯಿಂದ ಹೊಸ ಎಲೆಯ ಅಂಚನ್ನಷ್ಟೇ ಎತ್ತಿ ನೋಡಿ. ಬೇಡವಾದರೆ ಕೈಯ ಎಲೆಗಳ ಹತ್ತಿರಕ್ಕೂ ತರದೆ ಹಾಗೆಯೇ ಎಡಕ್ಕೆ ಜಾರಿಸಿ. ಬೇಕಾದರೆ ಮಾತ್ರ ಒಳಗೆ ಸೇರಿಸಿ, ಬೇಡದ ಒಂದನ್ನು ಹೆಬ್ಬೆರಳಿನಿಂದ ಹೊರತಳ್ಳಿ. ಹತ್ತರಲ್ಲಿ ಎಂಟು ಎಲೆ ಹೇಗೂ ಬೇಡವಾದವೇ.

ಇನ್ನು ಹಂಚುವವರ ಕಡೆಯದು. ಪಕ್ಕದವರ ಮುಂದೆ ಮೂರು ಎಲೆ ಕೂಡಿದರೆ ಹೊಸದು ಎತ್ತಬಾರದು ಎಂದು ಮನೆಯ ನಿಯಮ ಮಾಡಿಕೊಳ್ಳಿ. ಈ ನಿಯಮ ಎಲ್ಲರಿಗೂ ಅನ್ವಯಿಸಲಿ. ವೇಗವೇ ಆಟದ ಜೀವ ಎನ್ನುವವರು ಇದಕ್ಕೆ ಒಪ್ಪಲಿಕ್ಕಿಲ್ಲ, ಆದರೆ ಗುಡ್ಡೆಯಾದ ಮೇಲೆ ವೇಗ ಅನ್ನುವುದು ಒಬ್ಬರಿಗೆ ಮಾತ್ರ ಇರುತ್ತದೆ.

ಗುಡ್ಡೆಯಿಂದ ಇನ್ನೊಂದು ತೊಂದರೆ ಹುಟ್ಟುತ್ತದೆ. ಗಾಬರಿಯಲ್ಲಿ ಎರಡು ಮೂರು ಎಲೆ ಒಟ್ಟಿಗೆ ಎತ್ತಿ ಅದರಲ್ಲಿ ಆರಿಸುವುದು. ಇದು ತಪ್ಪು. ಕೈಯಲ್ಲಿ ಐದಕ್ಕಿಂತ ಹೆಚ್ಚು ಎಲೆ ಯಾವ ಕ್ಷಣದಲ್ಲೂ ಇರಕೂಡದು. ಒಂದು ಎತ್ತಿ, ಒಂದು ಬಿಟ್ಟು, ಆಮೇಲೆ ಇನ್ನೊಂದು. ಚಮಚ ಎತ್ತಿ ತೋರಿಸುವಾಗ ಕೈಯಲ್ಲಿ ಆರು ಎಲೆ ಕಂಡರೆ ಆ ನಾಲ್ಕರ ಸೆಟ್ ಲೆಕ್ಕಕ್ಕಿಲ್ಲ, ಅಕ್ಷರ ಅವರಿಗೇ.

ಪ್ರಶ್ನೆ: ಚಮಚದ ಕಡೆಗೆ ಸುಮ್ಮನೆ ಕೈ ಚಾಚಿ ಹೆದರಿಸುವುದು ಮೋಸವೇ, ಆಟವೇ?

ಆಟವೇ, ಅದೂ ಅರ್ಧ ಮಜಾ ಅದರಲ್ಲೇ ಇದೆ. ನಾವಂತೂ ಹುಸಿ ಕೈ ಇಲ್ಲದ ಚಮಚ ಆಟವನ್ನು ಶಿಫಾರಸು ಮಾಡುವುದಿಲ್ಲ. ಆದರೆ ಗೆರೆ ಎಲ್ಲಿ ಎಂಬುದು ಮೊದಲೇ ತಿಳಿದಿರಬೇಕು.

ನಾವು ಹೇಳುವ ಗೆರೆ ಇದು. ಗಾಳಿಯಲ್ಲಿ ಕೈ ಎಷ್ಟು ಚಾಚಿದರೂ ತಪ್ಪಲ್ಲ. ಬೆರಳು ಚಮಚಕ್ಕೆ ತಗುಲಿತೋ, ಅದು ಎತ್ತಿದ ಲೆಕ್ಕ. ನಾಲ್ಕು ಸೇರದೆ ಮೊದಲು ಮುಟ್ಟಿದವರಿಗೆ ಅಕ್ಷರ, ಸುತ್ತು ಅಲ್ಲಿಗೇ ರದ್ದು. ಯಾರೋ ಹುಸಿ ಕೈ ಚಾಚಿದ್ದನ್ನು ನಂಬಿ ನೀವು ಚಮಚ ಎತ್ತಿಬಿಟ್ಟರೆ? ಅವರು ಮುಟ್ಟಿರಲಿಲ್ಲ, ಮೊದಲು ಮುಟ್ಟಿದವರು ನೀವು. ಅಕ್ಷರ ನಿಮಗೆ. ಕೆಟ್ಟದಾಗಿ ಕೇಳಿಸುತ್ತದೆ, ಆದರೆ ಹುಸಿ ಕೈಗೆ ಬೆಲೆ ಬರುವುದೇ ಈ ನಿಯಮದಿಂದ. ಆದರೆ ಹುಸಿ ಕೈಯವರ ಬೆರಳೇ ಚಮಚಕ್ಕೆ ತಾಗಿದ್ದು, ಅದನ್ನು ನೋಡಿ ಉಳಿದವರು ಎತ್ತಿದ್ದರೆ, ಅಕ್ಷರ ಒಬ್ಬರಿಗೇ, ಮೊದಲು ತಾಗಿಸಿದವರಿಗೆ.

ಒಳ್ಳೆಯ ಹುಸಿ ಕೈ ಯಾವುದು ಎಂದು ಕೇಳಿದರೆ, ಪೂರ್ತಿ ಚಾಚಿದ್ದಲ್ಲ. ಮೊಣಕೈ ಸ್ವಲ್ಪ ಮುಂದೆ ಬಂದು ಭುಜ ಬಗ್ಗಿದರೆ ಸಾಕು, ಅಂಚುಗಣ್ಣಿನಿಂದ ನೋಡುತ್ತಿರುವವರಿಗೆ ಅಷ್ಟೇ ಕಾಣುವುದು. ಪ್ರತಿ ಸುತ್ತಿನಲ್ಲೂ ಮಾಡಿದರೆ ಮೂರನೆಯ ಸಲಕ್ಕೆ ಯಾರೂ ಕದಲುವುದಿಲ್ಲ. ಆಗ ನಿಜವಾಗಿಯೂ ನಾಲ್ಕು ಸೇರಿಸಿಕೊಂಡು ಅದೇ ನಿಧಾನದಲ್ಲಿ ಕೈ ಚಾಚಿ ಎತ್ತಿಕೊಳ್ಳಬಹುದು.

ಇದರ ತಿರುವುಮುರುವಾದ ಇನ್ನೊಂದು ಉಪಾಯವಿದೆ, ನಮ್ಮ ಪ್ರಕಾರ ಅದೇ ಹೆಚ್ಚು ಚೆಂದ. ನಾಲ್ಕು ಸೇರಿದಾಗ ಗಬಕ್ಕನೆ ಹಾರಬೇಡಿ. ಒಂದೆರಡು ಎಲೆ ಎಂದಿನಂತೆ ಎತ್ತಿ ಎಡಕ್ಕೆ ಸಾಗಿಸಿ, ನಡುವೆ ಒಂದು ಚಮಚವನ್ನು ಮೆಲ್ಲಗೆ ಮಡಿಲಿಗೆ ಇಳಿಸಿ, ಮತ್ತೆ ಎಲೆ ಸಾಗಿಸುತ್ತಲೇ ಇರಿ. ಗಮನಿಸಿದವರು ತಾವೂ ಸದ್ದಿಲ್ಲದೆ ಒಂದೊಂದು ಎತ್ತಿಕೊಳ್ಳುತ್ತಾರೆ. ನಡುವೆ ಚಮಚವೇ ಇಲ್ಲ, ಆದರೂ ಒಬ್ಬರು ಮಾತ್ರ ಮೂರು ರಾಣಿ ಹಿಡಿದು ನಾಲ್ಕನೆಯದಕ್ಕೆ ಕಾಯುತ್ತ ಭರದಿಂದ ಎಲೆ ತಿರುಗಿಸುತ್ತಿರುತ್ತಾರೆ.

ಪ್ರಶ್ನೆ: ಆರಂಭದಲ್ಲೇ ಜೋಡಿ ಸಿಕ್ಕರೂ ಉಳಿದೆರಡು ಎಲೆ ಬರುವುದೇ ಇಲ್ಲ. ಕಾಯಬೇಕೋ, ಬದಲಿಸಬೇಕೋ?

ಜೋಡಿ ಸಿಗುವುದು ಅಂಥ ಅಪರೂಪವಲ್ಲ. ನಾಲ್ಕು ಎಲೆ ಹಂಚಿದಾಗ ಸುಮಾರು ಮೂರರಲ್ಲಿ ಒಬ್ಬರಿಗೆ ಕನಿಷ್ಠ ಒಂದು ಜೋಡಿ ಇದ್ದೇ ಇರುತ್ತದೆ. (ನಾಲ್ಕೂ ಒಂದೇ ಬೆಲೆಯವು ಹಂಚುವಾಗಲೇ ಬೀಳುವುದು 20,825ರಲ್ಲಿ ಒಂದು ಸಲ. ಅದರ ಆಸೆ ಬಿಡಿ.) ಹಾಗಾಗಿ ನಿಮ್ಮ ಹಾಗೆ ಇನ್ನೊಬ್ಬರೂ ಜೋಡಿ ಹಿಡಿದು ಕೂತಿರುತ್ತಾರೆ, ದುರದೃಷ್ಟಕ್ಕೆ ಕೆಲವು ಸಲ ಅದೇ ಬೆಲೆಯದ್ದನ್ನೇ. ಇಬ್ಬರೂ ಬಿಡದಿದ್ದರೆ ಇಬ್ಬರಿಗೂ ಬಾರದು.

ಒಂದು ಸರಳ ಲೆಕ್ಕ ನೆನಪಿಡಿ: ಒಂದು ಬೆಲೆಯ ಎಲೆ ಇರುವುದೇ ನಾಲ್ಕು. ಅದರಲ್ಲಿ ಒಂದನ್ನು ನೀವು ಎಡಕ್ಕೆ ಬಿಟ್ಟಿರಿ ಎಂದರೆ, ಅದು ಮುಂದೆ ಸಾಗಿ ಕೊನೆಯ ರಾಶಿಗೆ ಬಿದ್ದು, ಕಟ್ಟು ಖಾಲಿಯಾಗಿ, ರಾಶಿ ಮತ್ತೆ ಕಟ್ಟಾಗುವವರೆಗೆ ನಿಮ್ಮ ಕಡೆ ಬರುವುದಿಲ್ಲ. ಅಲ್ಲಿಯವರೆಗೆ ಆ ಬೆಲೆ ನಿಮಗೆ ಸತ್ತಂತೆ. ಮೊದಲು ಒಂದು ಒಂಬತ್ತನ್ನು ಬಿಟ್ಟು, ಆಮೇಲೆ ಎರಡು ಒಂಬತ್ತು ಬಂದುವೆಂದು ಹಿಡಿದು ಕೂರುವುದೇ ಹೆಚ್ಚಿನವರು ಮಾಡುವ ತಪ್ಪು. ಬಿಟ್ಟ ಎಲೆಗಳಲ್ಲಿ ಮೊದಲ ನಾಲ್ಕೈದನ್ನಾದರೂ ನೆನಪಿಟ್ಟುಕೊಳ್ಳಿ.

ಯಾವಾಗ ಬದಲಿಸಬೇಕು? ನಿಮ್ಮ ಬಳಿ ಎರಡು ಏಳು ಇವೆ, ಕಟ್ಟು ಪೂರ್ತಿ ಒಂದು ಸಲ ಸುತ್ತಿ ಮುಗಿದರೂ ಮೂರನೆಯ ಏಳು ನಿಮ್ಮ ಮುಂದೆ ಬರಲಿಲ್ಲ ಎಂದರೆ, ಯಾರದೋ ಕೈಯಲ್ಲಿ ಅದು ಗಟ್ಟಿಯಾಗಿ ಕೂತಿದೆ. ಬಿಡಿ. ಮೂರು ಸೇರಿದ ಮೇಲೆ ಮಾತ್ರ ಹಟ ಹಿಡಿಯುವುದು ಸರಿ. ಒಂಟಿ ಎಲೆಯನ್ನು ಹಿಡಿದಿಡಲು ಯಾರಿಗೂ ಕಾರಣವಿಲ್ಲ, ನಾಲ್ಕನೆಯದು ಬೇಗನೋ ತಡವಾಗಿಯೋ ಹೊರಬೀಳುತ್ತದೆ.

ಎರಡು ಜೋಡಿ ಬಂದರೆ ಹಿಗ್ಗಬೇಡಿ. ಹೊಸ ಎಲೆ ಎರಡರಲ್ಲಿ ಒಂದಕ್ಕೆ ಸೇರಿದ ಕ್ಷಣವೇ ಇನ್ನೊಂದು ಜೋಡಿಯನ್ನು ಒಡೆಯಬೇಕಾಗುತ್ತದೆ. ಅಲ್ಲಿ ಹಿಂಜರಿದು ನಿಂತವರ ಮುಂದೆಯೇ ಗುಡ್ಡೆ ಬೀಳುವುದು.

ಪ್ರಶ್ನೆ: ಹಂಚುವವರೇ ಹೆಚ್ಚು ಗೆಲ್ಲುತ್ತಾರೆ ಎಂದು ಮಕ್ಕಳ ದೂರು. ನಿಜವೇ?

ದೂರಿನಲ್ಲಿ ಹುರುಳಿದೆ. ಕಟ್ಟಿನಿಂದ ಬರುವ ಪ್ರತಿ ಎಲೆಯನ್ನೂ ಮೊದಲು ನೋಡುವವರು ಅವರೇ. ಸಾಲಿನ ಕೊನೆಯವರಿಗೆ ಸಿಗುವುದು ಎಲ್ಲರೂ ಬೇಡವೆಂದ ಎಲೆ ಮಾತ್ರ. ವೇಗದ ಹಿಡಿತವೂ ಹಂಚುವವರ ಕೈಯಲ್ಲೇ ಇದೆ. ಆದ್ದರಿಂದ ಪ್ರತಿ ಸುತ್ತಿಗೂ ಹಂಚುವ ಕೆಲಸ ಒಂದು ಸ್ಥಾನ ಎಡಕ್ಕೆ ಸರಿಯಲೇಬೇಕು. ಸೋತವರೇ ಮುಂದಿನ ಸುತ್ತು ಹಂಚಲಿ ಎಂಬ ನಿಯಮವನ್ನೂ ಇಡಬಹುದು. ಚಿಕ್ಕ ಮಕ್ಕಳಿರುವಲ್ಲಿ ಅದು ಇನ್ನೂ ಒಳ್ಳೆಯದು.

ಪ್ರಶ್ನೆ: ಚಮಚ ಎಳೆಯುವಾಗ ಕೈಗೆ ಗಾಯವಾಗುತ್ತದೆ, ಚಮಚ ಮೇಜಿನಿಂದ ಹಾರಿ ಬೀಳುತ್ತದೆ.

ಉಂಗುರ, ಬಳೆ, ಗಡಿಯಾರ ತೆಗೆದಿಡಿ. ಉದ್ದ ಉಗುರು ಇದ್ದವರು ಕತ್ತರಿಸಿಕೊಳ್ಳುವುದು ಒಳ್ಳೆಯದು. ಫೋರ್ಕ್, ಪೆನ್ನು, ಗಾಜಿನ ವಸ್ತು ಯಾವುದೂ ಬೇಡ. ಸ್ಟೀಲ್ ಚಮಚ ನುಣುಪಾದ ಮೇಜಿನ ಮೇಲೆ ಜಾರುತ್ತದೆ, ಕೆಳಗೆ ಒಂದು ದಪ್ಪ ಟವೆಲ್ ಹಾಸಿದರೆ ನಿಲ್ಲುತ್ತದೆ, ಸದ್ದೂ ಆಗದು. ಸದ್ದಾಗದಿದ್ದರೆ ಮೆಲ್ಲಗೆ ಎತ್ತುವವರಿಗೂ ಅನುಕೂಲ! ಮಕ್ಕಳೇ ಹೆಚ್ಚಿದ್ದರೆ ಚಮಚದ ಬದಲು ಗಂಟು ಹಾಕಿದ ಕರವಸ್ತ್ರ ಇಡಿ.

ಉದ್ದನೆಯ ಮೇಜಾದರೆ ಎರಡು ತುದಿಯವರಿಗೆ ಯಾವಾಗಲೂ ನಷ್ಟ. ನೆಲದ ಮೇಲೆ ಸುತ್ತಾಗಿ ಕೂತರೆ ಈ ಸಮಸ್ಯೆಯೇ ಇಲ್ಲ. ಚಮಚದ ಹಿಡಿ ಹೊರಮುಖವಾಗಿರಲಿ. ಯಾರ ಮುಂದೆಯೂ ನೇರವಾಗಿ ಇರಬಾರದು, ಇಬ್ಬರ ನಡುವಿನ ಸಂದಿಗೆ ಒಂದರಂತೆ ಇಡಿ. ಚಮಚ ಒಂದು ಕಡಿಮೆ ಇರುವುದರಿಂದ ಒಂದು ಸಂದಿ ಖಾಲಿ ಉಳಿಯುತ್ತದೆ. ಅದು ಪ್ರತಿ ಸುತ್ತಿಗೂ ಬದಲಾಗುತ್ತಿರಲಿ.

ಪ್ರಶ್ನೆ: ಒಂದೇ ಚಮಚ ಇಬ್ಬರ ಕೈಯಲ್ಲಿ. ಯಾರದು?

ಎಳೆದಾಟ ಬೇಡ. ಹೆಚ್ಚು ಬೆರಳು ಚಮಚದ ಸುತ್ತ ಮಡಚಿದವರದ್ದು. ಅದೂ ಸಮವಾದರೆ ಆ ಸುತ್ತಿಗೆ ಯಾರಿಗೂ ಅಕ್ಷರವಿಲ್ಲ, ಮತ್ತೆ ಹಂಚಿ. ತೀರ್ಪಿಗೆ ಔಟಾದವರನ್ನು ಕೂರಿಸಿ, ಅವರಿಗೂ ಒಂದು ಕೆಲಸ ಆಗುತ್ತದೆ.

ಪ್ರಶ್ನೆ: ನಮ್ಮ ಕಟ್ಟಿನಲ್ಲಿ ಒಂದು ಎಲೆ ಕಳೆದುಹೋಗಿದೆ. ಆಡಬಹುದೇ?

ಆಡಬಹುದು, ಆದರೆ ಕಳೆದ ಎಲೆಯ ಬೆಲೆಯ ಉಳಿದ ಮೂರನ್ನೂ ತೆಗೆದಿಡಿ. ಆಟೀನು ಐದು ಕಳೆದಿದ್ದರೆ ಐದೇ ಬೇಡ, 48 ಎಲೆಯಲ್ಲಿ ಆಡಿ. ತೆಗೆಯದೆ ಬಿಟ್ಟರೆ ಯಾರಾದರೂ ಮೂರು ಐದು ಹಿಡಿದು, ಇಲ್ಲದ ನಾಲ್ಕನೆಯದಕ್ಕೆ ಕಾಯುತ್ತ ಸೋಲುತ್ತಾರೆ.

ಪ್ರಶ್ನೆ: ನಾವು ಹದಿನಾಲ್ಕು ಜನ ಸೇರುತ್ತೇವೆ. ಎಲೆ ಸಾಲುತ್ತಿಲ್ಲ.

ಸಾಲುವುದಿಲ್ಲ, ಹದಿಮೂರು ಜನರಿಗೇ 52 ಪೂರ್ತಿ ಮುಗಿದು ಎತ್ತಲು ಕಟ್ಟೇ ಉಳಿಯುವುದಿಲ್ಲ. ಒಂದು ಕಟ್ಟಿಗೆ ಎಂಟು ಜನ ಹಿತ, ಆಗ 20 ಎಲೆ ಉಳಿದಿರುತ್ತದೆ. ಎರಡು ಕಟ್ಟು ಬೆರೆಸಿದರೆ ಹದಿನಾಲ್ಕು ಜನರಿಗೆ ಹಂಚಿ 48 ಉಳಿಯುತ್ತದೆ ನಿಜ. ಆಗ ಒಂದೊಂದು ಬೆಲೆಗೆ ಎಂಟೆಂಟು ಎಲೆ, ಸೆಟ್ ಬೇಗ ಕೂಡುತ್ತದೆ, ಮೇಲೆ ಹೇಳಿದ ‘ಬಿಟ್ಟರೆ ಸತ್ತಂತೆ’ ಲೆಕ್ಕವೂ ನಡೆಯದು. ಆದರೆ ಹದಿನಾಲ್ಕು ಜನರ ಸುತ್ತಿನ ನಡುವೆ ಇಟ್ಟ ಚಮಚ ಯಾರ ಕೈಗೂ ನಿಲುಕುವುದಿಲ್ಲ. ಏಳೇಳು ಜನರ ಎರಡು ಗುಂಪು ಮಾಡಿ, ಪ್ರತಿ ಸುತ್ತಿನಲ್ಲಿ ಸೋತವರು ಗುಂಪು ಅದಲುಬದಲಾಗಲಿ.

ಪ್ರಶ್ನೆ: ಅಜ್ಜಿಗೂ ಆಡುವ ಆಸೆ. ಮುಂದಕ್ಕೆ ಬಾಗಿ ಚಮಚ ಎಳೆಯಲು ಅವರಿಗೆ ಆಗದು.

ಚಮಚವನ್ನೇ ಬಿಡಿ, ಮೂಗು ಸಾಕು. ಎಷ್ಟು ಜನರೋ ಅಷ್ಟೇ ಬೆಲೆಯ ಎಲೆ ಆರಿಸಿ. ಆರು ಜನರಾದರೆ ಎಕ್ಕದಿಂದ ಆರರವರೆಗೆ, ಒಟ್ಟು 24. ಎಲ್ಲವನ್ನೂ ಹಂಚಿ, ಎತ್ತುವ ಕಟ್ಟು ಇರುವುದಿಲ್ಲ. ಪ್ರತಿಯೊಬ್ಬರೂ ಬೇಡದ ಒಂದು ಎಲೆಯನ್ನು ಮುಖ ಕೆಳಗಾಗಿ ಮುಂದೆ ಇಟ್ಟು ಅದರ ಮೇಲೆ ಬೆರಳಿಟ್ಟಿರುತ್ತಾರೆ. ಒಬ್ಬರು ‘ತಳ್ಳಿ’ ಎಂದಾಗ ಎಲ್ಲರೂ ಒಟ್ಟಿಗೆ ಎಡಕ್ಕೆ ತಳ್ಳಿ, ಬಲದಿಂದ ಬಂದದ್ದನ್ನು ಎತ್ತಬೇಕು. ನಾಲ್ಕು ಸೇರಿದವರು ಮಾತಿಲ್ಲದೆ ಮೂಗಿನ ಮೇಲೆ ಬೆರಳಿಡುತ್ತಾರೆ. ಕಂಡವರು ತಾವೂ ಇಡುತ್ತಾರೆ. ಕೊನೆಯವರಿಗೆ ಅಕ್ಷರ.

ಇಲ್ಲಿ ಕೆಡುವುದು ಒಂದೇ ಕಡೆ: ತಮ್ಮದನ್ನು ತಳ್ಳುವ ಮೊದಲೇ ಬಂದದ್ದನ್ನು ಇಣುಕುವುದು. ಬೆರಳಿಡುವ ನಿಯಮ ಇರುವುದು ಅದಕ್ಕೇ. ಹತ್ತಿಪ್ಪತ್ತು ಸಲ ತಳ್ಳಿದರೂ ಯಾರಿಗೂ ಕೂಡದಿದ್ದರೆ ಇಬ್ಬರು ಒಂದೇ ಜೋಡಿ ಹಿಡಿದು ಕೂತಿದ್ದಾರೆ ಎಂದರ್ಥ. ಮತ್ತೆ ಕಲೆಸಿ ಹಂಚುವುದೇ ವಾಸಿ.

ಪ್ರಶ್ನೆ: ವೇಗ ಬೇಡ, ಬರೀ ಸುಳ್ಳು ಹೇಳುವ ಬ್ಲಫ್ ಆಟದಲ್ಲಿ ನಾನು ಪ್ರತಿ ಸಲ ಸಿಕ್ಕಿಬೀಳುತ್ತೇನೆ.

ಬ್ಲಫ್ ಗೊತ್ತಿಲ್ಲದವರಿಗೆ ಎರಡು ಮಾತು. 52 ಎಲೆಯೂ ಹಂಚಿಹೋಗುತ್ತದೆ. ಮೊದಲಿಗರು ಎಕ್ಕ, ಮುಂದಿನವರು ಎರಡು, ಅವರ ನಂತರದವರು ಮೂರು, ಹೀಗೆ ರಾಜನವರೆಗೆ ಹೋಗಿ ಮತ್ತೆ ಎಕ್ಕ. ತಮ್ಮ ಸರದಿಯ ಬೆಲೆ ಹೇಳಿ ಒಂದರಿಂದ ನಾಲ್ಕು ಎಲೆ ಮುಖ ಕೆಳಗಾಗಿ ಇಡಬೇಕು. ನಿಜವೇ ಇಡಬೇಕೆಂದಿಲ್ಲ. ಸಂಶಯ ಬಂದವರು ‘ಬ್ಲಫ್’ ಎಂದರೆ ಕೊನೆಗೆ ಇಟ್ಟ ಎಲೆಗಳನ್ನು ಮಾತ್ರ ತಿರುಗಿಸಿ ನೋಡಬೇಕು, ಇಡೀ ರಾಶಿಯನ್ನಲ್ಲ. ಸುಳ್ಳಾದರೆ ಇಟ್ಟವರಿಗೆ ರಾಶಿ, ನಿಜವಾದರೆ ಸಂಶಯಪಟ್ಟವರಿಗೆ. ಎಲೆ ಮೊದಲು ಖಾಲಿಯಾದವರು ಗೆದ್ದರು.

ಸಿಕ್ಕಿಬೀಳುವುದು ಮುಖಭಾವದಿಂದ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅದಕ್ಕಿಂತ ಹೆಚ್ಚಾಗಿ ತಡವರಿಕೆಯಿಂದ. ತಮ್ಮ ಸರದಿ ಬಂದ ಮೇಲೆ ‘ನನಗೆ ಯಾವುದು?’ ಎಂದು ಹುಡುಕಲು ತೊಡಗಿದವರ ಬಳಿ ಆ ಎಲೆ ಇಲ್ಲವೆಂದೇ ಲೆಕ್ಕ. ನಾಲ್ಕು ಜನ ಆಡುವಾಗ ನಿಮ್ಮ ಸರದಿಯ ಬೆಲೆ ಪ್ರತಿ ಸಲ ನಾಲ್ಕು ಮುಂದೆ ಜಿಗಿಯುತ್ತದೆ. ಎಕ್ಕದಿಂದ ಶುರುವಾದರೆ ಆಮೇಲೆ 5, 9, ರಾಜ, 4, 8, ರಾಣಿ, 3, 7, ಗುಲಾಮ, 2, 6, 10, ಮತ್ತೆ ಎಕ್ಕ. ಎಲೆಗಳನ್ನು ಕೈಯಲ್ಲಿ ಈ ಕ್ರಮದಲ್ಲೇ ಜೋಡಿಸಿಕೊಳ್ಳಿ. ಯಾವ ಸರದಿಯಲ್ಲಿ ಸುಳ್ಳು ಹೇಳಲೇಬೇಕಾಗುತ್ತದೆ ಎಂಬುದು ಮೊದಲೇ ಕಾಣುತ್ತದೆ, ಅಲ್ಲಿಗೆ ಯಾವ ಎಲೆ ಬಿಡುವುದೆಂದೂ ತೀರ್ಮಾನಿಸಿಡಬಹುದು: ಈ ಕ್ರಮದಲ್ಲಿ ಅತಿ ದೂರದಲ್ಲಿರುವುದನ್ನು.

ಹಿಡಿಯುವ ಕಡೆಯ ಲೆಕ್ಕ ಇನ್ನೂ ಸುಲಭ. ನಿಮ್ಮ ಬಳಿ ಮೂರು ರಾಜ ಇದ್ದು ಒಬ್ಬರು ‘ಎರಡು ರಾಜ’ ಎಂದರೆ ಯೋಚಿಸುವ ಅಗತ್ಯವೇ ಇಲ್ಲ. ಕೊನೆಯ ಎಲೆ ಇಡುವವರನ್ನಂತೂ ಯಾರಾದರೂ ಪ್ರಶ್ನಿಸಿಯೇ ತೀರುತ್ತಾರೆ. ಆದ್ದರಿಂದ ನಿಮ್ಮ ಕೊನೆಯ ಎಲೆ ನಿಜವಾಗಿರುವಂತೆ ಎರಡು ಮೂರು ಸರದಿ ಮೊದಲೇ ಹೊಂದಿಸಿಕೊಳ್ಳಿ, ಬೇಕಾದ ಸುಳ್ಳನ್ನೆಲ್ಲ ಅದಕ್ಕೆ ಮುಂಚೆ ಹೇಳಿ ಮುಗಿಸಿ.

ಪ್ರಶ್ನೆ: ಎರಡನೆಯ ಸುತ್ತಿನಿಂದ ಸೆಟ್ ಬೇಗ ಬೇಗ ಕೂಡುತ್ತದೆ. ಯಾಕೆ?

ಕಲೆಸುವುದು ಸಾಲದು. ಸುತ್ತು ಮುಗಿದಾಗ ಒಂದೇ ಬೆಲೆಯ ಎಲೆಗಳು ಒಬ್ಬೊಬ್ಬರ ಕೈಯಲ್ಲಿ ಗುಂಪಾಗಿರುತ್ತವೆ. ಹಾಗೆಯೇ ಕೂಡಿಸಿ ಎರಡು ಸಲ ಕಲೆಸಿದರೆ ಆ ಗುಂಪು ಒಡೆಯುವುದಿಲ್ಲ. ಕಟ್ಟನ್ನು ಎರಡು ಭಾಗ ಮಾಡಿ ಅಂಚುಗಳನ್ನು ಸರ್‍ರನೆ ಹೆಣೆಯುವ ವಿಧಾನದಲ್ಲಿ 52 ಎಲೆ ಚೆನ್ನಾಗಿ ಬೆರೆಯಲು ಸುಮಾರು ಏಳು ಸಲ ಬೇಕೆಂದು ಗಣಿತಜ್ಞರಾದ ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ 1992ರಲ್ಲಿ ತೋರಿಸಿದ್ದಾರೆ. ಕೈಯಿಂದ ಕೈಗೆ ಎಲೆ ಉದುರಿಸುತ್ತ ಕಲೆಸುವುದಾದರೆ ಅದಕ್ಕಿಂತ ಬಹಳ ಹೆಚ್ಚು ಸಲ ಬೇಕು. ಹೆಣೆಯಲು ಬಾರದವರು ಎಲ್ಲ ಎಲೆಗಳನ್ನೂ ಮುಖ ಕೆಳಗಾಗಿ ಮೇಜಿನ ಮೇಲೆ ಹರಡಿ, ಎರಡೂ ಅಂಗೈಯಿಂದ ಒಂದು ನಿಮಿಷ ಚೆನ್ನಾಗಿ ತಿರುಗಿಸಿ ಕೂಡಿಸಲಿ. ಮಕ್ಕಳು ಈ ಕೆಲಸಕ್ಕೆ ತಾವಾಗಿಯೇ ಮುಂದೆ ಬರುತ್ತಾರೆ.

ಪ್ರಶ್ನೆ: ನಾನು ಎಡಗೈಯವನು. ಎಲೆ ಬಲದಿಂದ ಬರುವುದರಿಂದ ಪ್ರತಿ ಸಲ ಮೈಗೆ ಅಡ್ಡಲಾಗಿ ಕೈ ಚಾಚಬೇಕು.

ಒಂದು ಸುತ್ತು ಬಿಟ್ಟು ಒಂದು ಸುತ್ತು ದಿಕ್ಕು ಬದಲಿಸಲು ಕೇಳಿ. ಎಲೆ ಎಡದಿಂದ ಬಂದು ಬಲಕ್ಕೆ ಹೋಗಲಿ, ಹಂಚುವ ಸರದಿ ಮಾತ್ರ ಎಂದಿನಂತೆ ಎಡಕ್ಕೇ ಸರಿಯಲಿ. ಯಾರೂ ಒಪ್ಪದಿದ್ದರೆ ಎಲೆಗಳನ್ನು ಎಡಗೈಯಲ್ಲೇ ಹಿಡಿದು, ಎತ್ತುವುದನ್ನು ಬಲಗೈಯಲ್ಲಿ ಅಭ್ಯಾಸ ಮಾಡಿ. ಚಮಚ ಎತ್ತುವ ಹೊತ್ತಿಗೆ ಎಲೆಗಳನ್ನು ಕೆಳಗೆ ಬಿಟ್ಟು ಎಡಗೈ ಚಾಚಬಹುದು. ನಾಲ್ಕು ಸೇರಿ ಮೊದಲು ಎತ್ತುತ್ತಿರುವವರು ನೀವೇ ಆಗಿದ್ದರೆ ಮಾತ್ರ ಎಲೆಗಳನ್ನು ಮುಖ ಮೇಲಾಗಿ ಬಿಡಿ, ಇಲ್ಲದಿದ್ದರೆ ಗಲಾಟೆಯಲ್ಲಿ ಬೇರೆಯವರ ಎಲೆ ಬೆರೆತು ನಿಮ್ಮ ಸೆಟ್ಟಿಗೆ ಸಾಕ್ಷಿಯೇ ಉಳಿಯುವುದಿಲ್ಲ.